ಮೂಲೆಗೆ ಅರಿಷಿಣವಿಲ್ಲದ ಪತ್ರ

ಕಲಘಟಗಿ
ಶನಿವಾರ, ೧೫ ನವೆಂಬರ್ ೧೯೮೬

ಮೈಲಾರವ್ವ ಅವರಿಗೆ,

ಇತ್ತ ಕ್ಷೇಮ ಎಂದು ಬರೆಯಲು ಈ ಸಲ ಕೈ ಏಳಲಿಲ್ಲ.

ಈ ಲಕೋಟೆಯನ್ನು ಕಂಡಕ್ಟರ್ ಹೊಳೆಯಪ್ಪ ನಿಮ್ಮ ಕೈಯಲ್ಲೇ ಕೊಡುತ್ತಾನೆ. ಈ ವಾರ ಅವನ ಪಾಳಿ ಅಳ್ನಾವರದ ಬಸ್ಸಿಗೆ ಬಿದ್ದದ್ದು ನನ್ನ ಪುಣ್ಯ. ಪತ್ರವನ್ನು ನಿಮ್ಮ ಮಗಳು ಲಕ್ಷ್ಮವ್ವ ಓದಲಿ, ಬೇರೆ ಯಾರೂ ಬೇಡ. ಮೊಮ್ಮಗನ ಜವಳಕ್ಕೆ ಬಂದ ಬೀಗರು ಪಡಸಾಲೆಯಲ್ಲಿದ್ದರೆ ನೀವಿಬ್ಬರೂ ಹಿತ್ತಲಿಗೆ ಹೋಗಿ ಕೂಡಿರಿ. ಲಕ್ಷ್ಮವ್ವಾ, ಮೊದಲು ಮನಸ್ಸಿನಲ್ಲಿ ಓದಿಕೊಂಡು ಆಮೇಲೆ ಅವ್ವನಿಗೆ ಆರಿಸಿ ಹೇಳಬೇಡ. ಬರೆದದ್ದನ್ನು ಬರೆದ ಹಾಗೆ ಓದು. ದನಿ ಕಟ್ಟಿದರೆ ನಿಲ್ಲಿಸು, ನೀರು ಕುಡಿ, ಮತ್ತೆ ಓದು. ಒಂದು ಸಾಲನ್ನೂ ನುಂಗಬೇಡ.

ಮೈಲಾರವ್ವ, ಮಂಗಳವಾರ ಬೆಳಿಗ್ಗೆ ಎಂಟಕ್ಕೆ ನೀವು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿರಬೇಕು. ನೀವು ಹೇಳಿ ಕಳಿಸಿದಂತೆ ಎಳ್ಳಮಾವಾಸ್ಯೆಯ ತನಕ ತಡೆಯುವಂತಿಲ್ಲ. ನನ್ನ ಹಳದಿ ಕಾರ್ಡು ನಿಮಗೆ ಸುಳ್ಳು ಹೇಳಿತು. ಅದು ನನ್ನ ಬೆರಳು ಮಾಡಿದ ತಪ್ಪು. ಹೇಗಾಯಿತೆಂದು ಹೇಳದೆ ನಿಮ್ಮನ್ನು ಕರೆಯಲು ನನಗೆ ಮುಖವಿಲ್ಲ.

ಮೂರು ವರ್ಷದ ಹಿಂದೆ ಹತ್ತು ಹಳ್ಳಿಗಳಿಗೆ ತಿಂಗಳಿಗೊಂದು ಕಾರ್ಡು ಬರೆಯಲು ತೊಡಗಿದೆ. ದವಾಖಾನೆಗೆ ಬರಲಾಗದ ಹೆಂಗಸರಿಗೆ ಆರೋಗ್ಯದ ಎರಡು ಮಾತಾದರೂ ಮುಟ್ಟಲಿ ಎಂಬ ಆಸೆ. ದೇವಿಕೊಪ್ಪದ ಕಾರ್ಡಿಗೆ ನಿಮ್ಮ ವಿಳಾಸ ಹಾಕಿದ್ದೆ. ವಾರ ಕಳೆಯುವುದರೊಳಗೆ ನೀವು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು ನನ್ನ ಮೇಜಿನ ಮೇಲೆ ಒಗೆದಿರಿ. “ಏನ್ರಿ ಡಾಕ್ಟರಬಾಯಾರ, ಬೋಳ ಕಾರ್ಡ ಕಳಸೀರಲ್ಲ! ಯಾರೋ ಸತ್ತಾರಂತ ನಮ್ಮತ್ತಿ ಅಂಗಳದಾಗ ಕುಂತು ಅತ್ಳು. ಯಾರ ಸತ್ರು ಗೊತ್ತಿಲ್ಲ, ಅದಕ್ಕ ಎಲ್ಲಾರ ಹೆಸರೂ ಹಿಡದ ಅತ್ಳು. ಒಂದೀಟ ಅರಿಷಿಣ ಹಚ್ಚಿದ್ರ ನಿಮ್ಮ ಗಂಟೇನ ಹೋಗ್ತಿತ್ತು?” ಬಾಗಿಲ ತನಕ ಹೋದವರು ಮತ್ತೆ ತಿರುಗಿ ನಿಂತಿರಿ. “ಮತ್ತ, ಬರೇ ಮದ್ದಿನ ಮಾತ ಯಾರ ಕೇಳ್ತಾರ್ರಿ? ಯಾವ ಊರಾಗ ಯಾರಿಗೇನ ಹುಟ್ಟೇತಿ, ಅದನ್ನೂ ಬರೀರಿ.”

ಅಂದಿನಿಂದ ನನ್ನ ಕಾರ್ಡು ನೀವು ಹೇಳಿದಂತೆಯೇ ನಡೆಯಿತು. ಹಡೆದವರ ಸುದ್ದಿ, ಚುಚ್ಚುಮದ್ದಿನ ದಿನ, ನಡುವೆ ಎರಡು ಸಾಲು ಮದ್ದಿನ ಮಾತು, ಮೂಲೆಗೆ ಅರಿಷಿಣ. ಸಂಜೆ ಮುದಕಪ್ಪನ ಹಿಟ್ಟಿನ ಗಿರಣಿಯಲ್ಲಿ ಯಂತ್ರದ ಪಟ್ಟಾ ನಿಲ್ಲಿಸಿ ಅವನೇ ಓದುತ್ತಾನೆ, ಮುಟ್ಟಿನ ಮಾತು ಬಂದರೆ ಕೆಮ್ಮಿ, ಕಾರ್ಡನ್ನು ಶಾಲೆಯ ಹುಡುಗಿಯ ಕೈಗೆ ಕೊಟ್ಟು ಬೀಡಿ ಹಚ್ಚಲು ಹೊರಗೆ ಹೋಗುತ್ತಾನೆ ಎಂದು ನೀವೇ ಹೇಳಿ ನಗಿಸಿದ್ದಿರಿ.

ಸೆಪ್ಟೆಂಬರ್ ಕಾರ್ಡಿನಲ್ಲೂ ಅಂಥ ಮಾತಿತ್ತು. ಮುಟ್ಟು ನಿಂತು ವರ್ಷ ದಾಟಿದ ಮೇಲೆ ಮತ್ತೆ ರಕ್ತ ಕಂಡರೆ ನಾಚಿಕೆ ಬಿಟ್ಟು ಬಂದು ತೋರಿಸಿರಿ ಎಂದು ಬರೆದಿದ್ದೆ. “ಮುದುಕಿಗೆ ಮತ್ತ ಹರೇ ಬಂದ್ರ ಡಾಕ್ಟರಬಾಯಾರಿಗೇನ ಸಂಕಟ ಬೇ?” ಎಂದು ಯಾರೋ ಅಂದರಂತೆ. ಗಿರಣಿಯೆಲ್ಲ ನಕ್ಕಿತಂತೆ. ಎಲ್ಲರಿಗಿಂತ ಜೋರಾಗಿ ನಕ್ಕವರು ನೀವಂತೆ.

ಮುಂದಿನ ತಿಂಗಳು ಒಂದು ದಿನ, ಹಲ್ಲು ನೋವೆಂದು ಮನೆಯಲ್ಲಿ ಹೇಳಿ, ದವಡೆಗೆ ಕೈ ಒತ್ತಿಕೊಂಡು ಬಂದಿರಿ. ನಾನು ಬಾಗಿಲು ಹಾಕಿದ ಮೇಲೆ ಕೈ ತೆಗೆದಿರಿ. “ಹಲ್ಲ ನೆಟ್ಟಗದಾವ್ರಿ. ಆ ಹರೇ ಬಂದ ಮುದುಕಿ ನಾನ ಅದೀನಿ.”

ನಾವಿಬ್ಬರೂ ಒಂದೇ ವಾರಿಗೆಯವರು. ನಿಮ್ಮನ್ನು ಪರೀಕ್ಷೆ ಮಾಡುವಾಗ ನನ್ನ ಬೆರಳಿಗೆ ತಿಳಿದದ್ದನ್ನು ನನ್ನ ಮುಖಕ್ಕೆ ತಿಳಿಯಗೊಡಲಿಲ್ಲ. ಜೋಳದ ಕಾಳಿನಷ್ಟು ಚೂರು ತೆಗೆದು ಹುಬ್ಬಳ್ಳಿಗೆ ಕಳಿಸಿದೆ. ಹೋಗುವಾಗ ನೀವು ಹೇಳಿದ್ದು ನೆನಪಿದೆಯೇ? “ಕಾರ್ಡಿನ್ಯಾಗ ಬ್ಯಾನಿ ಹೆಸರ ಬರೀಬ್ಯಾಡ್ರಿ ಮತ್ತ. ಊರೆಲ್ಲಾ ಓದತೈತಿ.” ಬರೆಯುವುದಿಲ್ಲ ಎಂದು ಮಾತು ಕೊಟ್ಟೆ.

ಈ ತಿಂಗಳ ಮೂರನೆಯ ತಾರೀಖು ವರದಿ ಬಂತು. ಹತ್ತು ಊರಿನ ಕಾರ್ಡುಗಳೂ ಅಂದೇ ಸಿದ್ಧವಾಗಿದ್ದವು. “ನಿಮ್ಮ ಕಾಗದ ಬಂದಿದೆ, ಬೇಗ ಬಂದು ಹೋಗಿರಿ” ಎಂದಷ್ಟೇ ನಿಮಗೆ ಬೇರೆ ಕಾರ್ಡು ಬರೆದು ಅವುಗಳ ಅಡಿಗಿಟ್ಟೆ. ಅಂಚೆಯವನು ಬಾಗಿಲಲ್ಲಿ ನಿಂತಿದ್ದ. ಅರಿಷಿಣದ ಬಟ್ಟಲಲ್ಲಿ ಬೆರಳದ್ದಿ ಒಂದೊಂದರ ಮೂಲೆಗೂ ಒತ್ತುತ್ತ ಹೋದೆ. ಹತ್ತಕ್ಕೆ ನಿಲ್ಲಬೇಕಿದ್ದ ಬೆರಳು ಹನ್ನೊಂದಕ್ಕೂ ಒತ್ತಿತು.

ನನಗೆ ಅದರ ಅರಿವೇ ಇರಲಿಲ್ಲ. ದಿನವೂ ಮೊದಲ ಬಸ್ಸಿನ ಸದ್ದಿಗೆ ಕಿಟಕಿ ನೋಡುತ್ತಿದ್ದೆ. ಆರನೆಯ ದಿನ ಬಸ್ಸಿನಿಂದ ಹೊಳೆಯಪ್ಪ ಇಳಿದ, ಕೈಯಲ್ಲಿ ಸ್ಟೀಲಿನ ಡಬ್ಬಿ. “ದೇವಿಕೊಪ್ಪದ ಮೈಲಾರವ್ವ ಹೋಳಗಿ ಕಳಸ್ಯಾಳ್ರಿ. ಹಳದಿ ಕಾರ್ಡ ಬಂತಂತ. ಏನೂ ಇಲ್ಲಂತ ಗೊತ್ತಾತು, ಎದಿ ಮ್ಯಾಲಿನ ಕಲ್ಲ ಇಳೀತು, ಮೊಮ್ಮಗನ ಜವಳ, ಸುಗ್ಗಿ ಎಲ್ಲಾ ಮುಗಿಸಿ ಎಳ್ಳಮಾಸಿ ಆದಮ್ಯಾಲ ಬರ್ತೀನಂತ ಹೇಳಂದ್ಲು.” ಡಬ್ಬಿ ಇನ್ನೂ ಬೆಚ್ಚಗಿತ್ತು. ಮುಚ್ಚಳದೊಳಗೆ ತುಪ್ಪದ ಹನಿ ಕಟ್ಟಿತ್ತು. ಒಂದು ತುತ್ತು ಮುರಿದೆ, ಮತ್ತೆ ಡಬ್ಬಿಯಲ್ಲೇ ಇಟ್ಟು ಮುಚ್ಚಳ ಹಾಕಿದೆ.

ನಾನು ಕವಿತೆ ಓದುವವಳು. ಬರೆಯದೆ ಬಿಟ್ಟ ಮಾತನ್ನು ಓದುವವರು ತಮ್ಮ ಆಸೆಯಿಂದ ತುಂಬಿಕೊಳ್ಳುತ್ತಾರೆಂದು ನನಗಾದರೂ ಗೊತ್ತಿರಬೇಕಿತ್ತು. ಬ್ಯಾನಿಯ ಹೆಸರಿಲ್ಲ, ಮೂಲೆಯಲ್ಲಿ ಅರಿಷಿಣವಿದೆ. ಇನ್ನೇನೆಂದು ತಿಳಿಯುತ್ತೀರಿ ನೀವು?

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಬುಧವಾರ ನಿಮ್ಮ ಮನೆಗೆ ಹೋಗಿದ್ದೆ. ನೀವು ಹಿಂದಿನ ದಿನವೇ ಜವಳಕ್ಕೆಂದು ಅಳ್ನಾವರಕ್ಕೆ, ಮಗಳ ಮನೆಗೆ ಹೋಗಿದ್ದಿರಿ. ನಿಮ್ಮ ಅತ್ತೆ ನನ್ನ ಕೈ ಹಿಡಿದು ಕಟ್ಟೆಯ ಮೇಲೆ ಕೂಡಿಸಿದರು. ಓಣಿಯ ಹೆಂಗಸರೆಲ್ಲ ನೆರೆದರು. “ನಮ್ಮ ಸೊಸಿ ಈಗ ಹರೇದ ಹುಡುಗಿಗತೆ ನಡ್ಯಾಕತ್ತಾಳ್ರಿ ಬಾಯಾರ,” ಎಂದರು. ನಾನು ಚಹಾ ಕುಡಿದೆ. ಹಾಗೇ ಈ ಕಡೆ ಬಂದಿದ್ದೆ ಎಂದೆ. ಬೇರೆ ಊರುಗಳ ಬಾಣಂತಿಯರ ಸುದ್ದಿ ಹೇಳಿ ಎದ್ದು ಬಂದೆ. ನಿಮಗಿಂತ ಮೊದಲು ಊರಿಗೆ ಹೇಳಬಾರದು ಎಂದು ಸುಮ್ಮನಾದೆ ಅಂದುಕೊಂಡಿದ್ದೇನೆ. ಆ ಮುದುಕಿಯ ನಗೆ ನೋಡಿ ಹೆದರಿದೆ ಎಂಬುದೂ ನಿಜ.

ಮರುದಿನವೇ ನಾನು ಅಳ್ನಾವರಕ್ಕೆ ಹೊರಟಿದ್ದೆ. ಅಷ್ಟರಲ್ಲಿ ಮಿಶ್ರಿಕೋಟಿಯ ಹಸನಬಿಯನ್ನು ಚಕ್ಕಡಿಯಲ್ಲಿ ತಂದರು. ಚೊಚ್ಚಲು, ನೋವು ನಿಂತು ನಿಂತು ಬರುತ್ತಿದೆ. ಮೊನ್ನೆಯಿಂದ ನನ್ನ ಕೈ ಬಿಟ್ಟಿಲ್ಲ. ಪಕ್ಕದ ಕೋಣೆಯಲ್ಲಿ ಈಗ ಅವಳ ನರಳಾಟ ಕೇಳುತ್ತಿದೆ, ಹೊರಗೆ ಹೊಳೆಯಪ್ಪ ಒಂದೂವರೆಗೆ ಬಸ್ಸು ಬಿಡಬೇಕು. ತಡೆಯಿರಿ, ಕೂಗುತ್ತಿದ್ದಾಳೆ.

ಈಗ ಒಂದು ಗಂಟೆ. ಹಸನಬಿಗೆ ಹೆಣ್ಣು ಕೂಸು. ಮೊದಲು ಅಳಲಿಲ್ಲ. ಅಂಗಾಲಿಗೆ ಎರಡು ಸಲ ಹೊಡೆದ ಮೇಲೆ ದವಾಖಾನೆ ಹಾರಿಹೋಗುವಂತೆ ಅತ್ತಿತು. ಇದು ಈ ತಿಂಗಳ ಸುದ್ದಿ, ಮೊದಲು ನಿಮಗೇ ಹೇಳುತ್ತಿದ್ದೇನೆ.

ಈಗ ಹೆಸರು ಹೇಳುತ್ತೇನೆ. ಲಕ್ಷ್ಮವ್ವಾ, ಇದನ್ನು ಗಟ್ಟಿಯಾಗಿ ಓದು. ನಿಮ್ಮ ಗರ್ಭಚೀಲದ ಬಾಯಿಯಲ್ಲಿ ಕ್ಯಾನ್ಸರ್ ಇದೆ, ಮೈಲಾರವ್ವ. ಅದು ಇನ್ನೂ ಸಣ್ಣದು, ಹೊರಗೆ ಹಬ್ಬಿದಂತೆ ಕಂಡಿಲ್ಲ. ಹುಬ್ಬಳ್ಳಿಯ ಡಾಕ್ಟರರನ್ನು ಮೊನ್ನೆ ಫೋನಿನಲ್ಲಿ ಕೇಳಿದೆ. “ಈಗ ತಂದರೆ ಗರ್ಭಚೀಲ ತೆಗೆದು ಉಳಿಸುವ ಆಸೆ ಬಹಳ ಇದೆ, ಎರಡು ತಿಂಗಳು ಬಿಟ್ಟು ತಂದರೆ ನನಗೇನೂ ಕೇಳಬೇಡಿ,” ಎಂದರು. ಉಳಿಯುತ್ತೀರಿ ಎಂದು ನಾನು ಬರೆದುಕೊಡಲಾರೆ. ಇನ್ನು ನಿಮಗೆ ಸಿಹಿಗಾಗಿ ಏನನ್ನೂ ಬರೆಯಲಾರೆ. ಆದರೆ ನಗುವ ಗಿರಣಿಯಿಂದ ಎದ್ದು, ಹಲ್ಲು ಹಿಡಿದುಕೊಂಡು ಒಬ್ಬರೇ ಬಂದ ಹೆಂಗಸು ನೀವು. ಅದರಿಂದಲೇ ಇದು ಸಣ್ಣದಿರುವಾಗ ಸಿಕ್ಕಿತು. ನೀವು ಗೆದ್ದ ಆ ದಿನಗಳನ್ನು ನಾನು ಕಳೆದೆ. ಹನ್ನೆರಡು ದಿನ. ಇನ್ನೊಂದು ದಿನವೂ ಹೋಗಬಾರದು.

ನಾಡಿದ್ದು ಸೋಮವಾರ ಮಧ್ಯಾಹ್ನದ ಪ್ಯಾಸೆಂಜರ್ ಗಾಡಿಗೆ ಲಕ್ಷ್ಮವ್ವನನ್ನು ಕರೆದುಕೊಂಡು ಹೊರಡಿ. ಎರಡು ಹಳೆಯ ಸೀರೆ, ಒಂದು ಕೌದಿ, ಒಂದು ತಂಬಿಗೆ ಸಾಕು. ನಿಮ್ಮ ಯಜಮಾನರಾದ ಭರಮಪ್ಪನವರಿಗೆ ಏನು ಹೇಳಬೇಕೆಂದು ನೀವೇ ನಿರ್ಧರಿಸಿ. ಹೇಳಲು ಬಾಯಿ ಬರದಿದ್ದರೆ ನನ್ನ ಕಡೆ ಕಳಿಸಿ, ಈ ಸಲ ಚಹಾ ಕುಡಿದು ಎದ್ದು ಬರುವುದಿಲ್ಲ. ಮಂಗಳವಾರ ಆಪರೇಶನ್ ಕೋಣೆಯ ಬಾಗಿಲ ತನಕ ನಾನು ನಿಮ್ಮ ಜೊತೆಗಿರುತ್ತೇನೆ. ಅವರು ಒಪ್ಪಿದರೆ ಒಳಗೂ ಬರುತ್ತೇನೆ.

ನಿಮ್ಮ ಡಬ್ಬಿಯನ್ನು ತೊಳೆದಿಟ್ಟಿದ್ದೇನೆ. ಬರಿದಾದ ಡಬ್ಬಿ ತಿರುಗಿ ಕೊಡಬಾರದು, ತುಂಬಿ ಕೊಡುವಂಥದ್ದು ಇನ್ನೂ ನನ್ನ ಹತ್ತಿರ ಇಲ್ಲ.

ಹೊಳೆಯಪ್ಪ ಎರಡು ಸಲ ಕರೆದ. ಲಕೋಟೆಯ ಮೂಲೆಯನ್ನು ಮತ್ತೊಮ್ಮೆ ನೋಡಿಕೊಂಡೆ, ಬೋಳಾಗಿದೆ. ಇದನ್ನು ಕಂಡು ಯಾರಾದರೂ ಅಳತೊಡಗಿದರೆ, ಸತ್ತವರು ಯಾರೂ ಇಲ್ಲವೆಂದು ನೀವೇ ಹೇಳಿರಿ.

ಸೋಮವಾರ ಸಂಜೆ ಹುಬ್ಬಳ್ಳಿ ಟೇಶನ್ನಿನಲ್ಲಿ ನಿಂತಿರುತ್ತೇನೆ. ಇಳಿದ ಕೂಡಲೇ ನನ್ನನ್ನು ಬೈಯಿರಿ. ಅಂದು ಕಾರ್ಡು ಒಗೆದು ಬೈದ ಹಾಗೆ, ಟೇಶನ್ನೆಲ್ಲ ತಿರುಗಿ ನೋಡುವ ಹಾಗೆ ಬೈಯಿರಿ. ಇಳಿಯುವುದೊಂದನ್ನು ಮಾತ್ರ ತಪ್ಪಿಸಬೇಡಿ.

ಜವಳವಾದ ಮೊಮ್ಮಗನ ನುಣುಪು ತಲೆಗೆ ನನ್ನ ಆಶೀರ್ವಾದ. ಅವನ ಹೊಸ ಕೂದಲನ್ನು ಬಾಚುವಷ್ಟು ಕಾಲ ನಿಮಗಿರಲಿ.

ನಿಮ್ಮ ದಾರಿ ಕಾಯುವ,
ಇಂದುಮತಿ ತಡಕೋಡ
(ನಿಮ್ಮ ಡಾಕ್ಟರಬಾಯಿ)