ಸೇವ್ ಒತ್ತಿದರೆ ಓಡುವ ಸಾಲು

ಮಾರ್ಚ್ 3

ಮತ್ತೆ ಬದಲಾಯಿಸಿದ್ದಾಳೆ. ಕೋಡ್ ಬರೆಯುವ ಎಡಿಟರ್ ತೆರೆದರೆ ಹಿನ್ನೆಲೆ ಬೆಳ್ಳಗೆ, ಕಣ್ಣು ಕುಕ್ಕುವ ಹಾಗೆ. ಆಸ್ಪತ್ರೆಯ ಸರ್ವರ್‌ಗೆ ನಮ್ಮಿಬ್ಬರಿಗೂ ಒಂದೇ ಲಾಗಿನ್, ಸೆಟ್ಟಿಂಗ್ಸ್ ಫೈಲೂ ಒಂದೇ. ಮನೆಯಲ್ಲಿ ಸಾಲದು ಅಂತ ಇಲ್ಲೂ ಅತ್ತಿಗೆ.

ಕೇಳಿದ್ದಕ್ಕೆ, "ನಿಂಗೆ ಕತ್ತಲೆ ಇಷ್ಟ ಅಂತ ನಾನೂ ಕಣ್ಣು ಕೆಡಿಸ್ಕೋಬೇಕಾ?" ಅಂದಳು. ಅಣ್ಣನ ಮುಂದೆ ಇದೇ ಬಾಯಿಗೆ ಬೀಗ.

ಮಾರ್ಚ್ 5

ಎಡಿಟರನ್ನು ಸರ್ವರ್‌ಗೆ ಆಜ್ಞೆ ಕೊಡುವ ಶೆಲ್ ಸ್ಕ್ರಿಪ್ಟಿಗೆ ಚೆನ್ನಾಗಿ ಪಳಗಿಸಿದೆ. ಬ್ರಾಕೆಟ್ ಮುಚ್ಚದಿದ್ದರೆ ಕೆಂಪಾಗುತ್ತದೆ. ಸೆಟ್ಟಿಂಗ್ಸ್ ಫೈಲಿಗೆ ಇನ್ನೊಂದು ಸಾಲೂ ಸೇರಿಸಿದೆ — ಸೇವ್ ಒತ್ತಿದ ತಕ್ಷಣ ಸ್ಕ್ರಿಪ್ಟ್ ತಾನೇ ಓಡಿ, ತಪ್ಪಿದ್ದರೆ ಕೆಳಗೆ ತೋರಿಸುತ್ತದೆ. ಓಡಿಸಿ ನೋಡಲು ಹತ್ತು ಸಲ ಟರ್ಮಿನಲ್‌ಗೆ ಹೋಗಿಬರುವ ತಾಪತ್ರಯ ತಪ್ಪಿತು.

ಅವಳಿಗೆ ಹೇಳಲಿಲ್ಲ. ಯಾಕೆ ಹೇಳಬೇಕು? ಬಣ್ಣ ಬದಲಿಸುವಾಗ ನನ್ನನ್ನು ಕೇಳಿದ್ದಳೇ?

ಮಾರ್ಚ್ 11, ಮಧ್ಯಾಹ್ನ

ಹಳೇ ಸ್ಕ್ಯಾನ್ ಚಿತ್ರಗಳನ್ನು ಅಳಿಸುವ ಸ್ಕ್ರಿಪ್ಟ್ ಬರೆಯುತ್ತಿದ್ದಳು. 'ಹಳೆಯದು ಮಾತ್ರ' ಎನ್ನುವ ಷರತ್ತು ಹಾಕುವ ಮೊದಲೇ ಸೇವ್ ಮಾಡಿ ಊಟಕ್ಕೆ ಎದ್ದಳು. ಸ್ಕ್ರಿಪ್ಟ್ ತಾನೇ ಓಡಿತು. ಫೋಲ್ಡರ್ ಪೂರ್ತಿ ಖಾಲಿ. ಬ್ಯಾಕಪ್‌ನಲ್ಲಿ ಹೋದ ತಿಂಗಳವರೆಗಿನದು ಮಾತ್ರ ಇದೆ.

ಡಾಕ್ಟರು ಬಾಗಿಲಲ್ಲೇ ನಿಂತು ಕೂಗಾಡಿದರು. ಎಷ್ಟೋ ರೋಗಿಗಳನ್ನು ಮತ್ತೆ ಸ್ಕ್ಯಾನಿಗೆ ಕರೆಸಬೇಕು. "ನಾನು ರನ್ ಮಾಡೇ ಇಲ್ಲ ಸಾರ್," ಅಂತ ಅವಳು ಒಂದೇ ಸಮ ಹೇಳುತ್ತಿದ್ದಳು. ಯಾರೂ ನಂಬಲಿಲ್ಲ. ಅದು ನಿಜ ಅಂತ ನನಗೊಬ್ಬಳಿಗೇ ಗೊತ್ತು.

ನನ್ನ ಪರದೆಯತ್ತ ತಿರುಗಿ ಕೆಲಸ ಮುಂದುವರಿಸಿದೆ.

ಮಾರ್ಚ್ 12

ನಾಳೆ ವಿಚಾರಣೆ. ಅವಳ ಕೆಲಸ ಇನ್ನೂ ಕಾಯಂ ಆಗಿಲ್ಲ. ಹೋದರೆ ಹೋಗಲಿ, ಪೀಡೆ ತೊಲಗಿತು.

ಅಣ್ಣ ಊಟ ಮಾಡಲಿಲ್ಲ. "ಏನಾಯ್ತು ಅಂತ ನಿಂಗೇನಾದ್ರೂ ಗೊತ್ತೇನೇ?" ಅಂದ.

"ನಂಗೇನು ಗೊತ್ತು?" ಅಂದೆ. ಅವಳು ಪಕ್ಕದಲ್ಲೇ ಪಾತ್ರೆ ಒರೆಸುತ್ತಿದ್ದಳು.

ಮಾರ್ಚ್ 16, ರಾತ್ರಿ

ಕೆಲಸದಿಂದ ತೆಗೆದರು. ವಿಚಾರಣೆಯಲ್ಲಿ "ನಾನೇ ರನ್ ಮಾಡಿದ್ದು" ಅಂತ ಒಪ್ಪಿಕೊಂಡಳಂತೆ.

ಸಂಜೆ ಚೀಲ ಹೆಗಲಿಗೇರಿಸಿ ನನ್ನ ಮೇಜಿನ ಹತ್ತಿರ ಬಂದಳು. "ಆ ಸಾಲು ನೋಡ್ದೆ ಕಣೇ, ಅವತ್ತು ಸಂಜೆನೇ. ನಂದೂ ತಪ್ಪಿತ್ತು, ಹೋಗ್ಲಿ. ಒಂದೇ ಮನೇಲಿ ಇಬ್ರ ಕೆಲಸಾನೂ ಹೋಗೋದು ಬೇಡ ಅಂತ ಸುಮ್ನಾದೆ. ನಿಮ್ಮಣ್ಣಂಗೂ ಹೇಳಿಲ್ಲ."

ಮೈಯೆಲ್ಲ ಉರಿಯಿತು. ಯಾರು ಕೇಳಿದ್ದರು ಇವಳ ದೊಡ್ಡಸ್ತಿಕೆ? ಬೈದಿದ್ದರೆ ತಿರುಗಿಸಿ ಬೈಯಬಹುದಿತ್ತು. ಇನ್ನು ದಿನಾ ಎದುರುಬದುರು ಕೂತು ಉಣ್ಣಬೇಕು, ಅವಳು ಏನೂ ಅನ್ನುವುದಿಲ್ಲ...

ಅಣ್ಣ ಕೆಳಗಿನಿಂದ ಕರೆಯುತ್ತಿದ್ದಾನೆ. ಬಡಿಸಿ ಕಾಯುತ್ತಿರುವುದು ಅವಳು. ಹೋಗಿ ಕೂತು ಏನಂತ ಹೇಳಲಿ —