ನನ್ನದಲ್ಲದ ಹೆಬ್ಬೆಟ್ಟು

ಹೊಳೆಯಾಚೆಯ ಗುಡಿಸಲು,
ಕೊಯ್ಲು ಮುಗಿದ ಮೂರನೆಯ ಭಾನುವಾರ

ನನ್ನ ಬಂಗಾರ ಪಾನ್ಯಾ,

ನಿನಗೂ ನಾನಿನ್ನೂ ಮುಖ ನೋಡದ ಮೊಮ್ಮಗಳಿಗೂ ಅವ್ವನ ಮುತ್ತುಗಳು. ಅಳಿಯಂದಿರಿಗೆ ಕೇಳಿದೆನೆಂದು ಹೇಳು. ಕರ್ತನ ದಯೆಯಿಂದ ನೀವೆಲ್ಲ ವಿಯಾಂಟಿಯಾನ್ ಪಟ್ಟಣದಲ್ಲಿ ಸುಖವಾಗಿದ್ದೀರಿ ಎಂದು ನಂಬಿದ್ದೇನೆ. ಹೊಲಿಗೆ ಕಾರ್ಖಾನೆಗೆ ಇಷ್ಟು ಬೇಗ ಹೋಗಬೇಡ. ಹಸಿ ಬಾಣಂತಿ ನೀನು, ಮೂವತ್ತು ದಿನ ಬಿಸಿ ಅನ್ನ, ಕೋಳಿ ಸಾರು ಬಿಟ್ಟು ಬೇರೇನೂ ತಿನ್ನಬೇಡ.

ಹೋದ ವಾರ ಫೋನಿನಲ್ಲಿ ನಾನು ಹೇಳಿದ್ದು ನಿಜವಲ್ಲ ಮಗಳೇ. ಮನೆಯ ಸೂರು ಸೋರುತ್ತಿದೆ, ಅದಕ್ಕೇ ನಾಲ್ಕು ದಿನ ಬ್ಲಿಯಾ ಅಜ್ಜಿಯ ಹೊಲದ ಗುಡಿಸಲಿಗೆ ಬಂದಿದ್ದೇನೆ ಎಂದೆ. ಸೋರುವುದಕ್ಕೆ ನಮಗೀಗ ಸೂರೇ ಇಲ್ಲ. ಫೋನಿನಲ್ಲಿ ಹೇಳಹೊರಟರೆ ನೀನು ಅಳುತ್ತೀಯ, ನಾನೂ ಅಳುತ್ತೇನೆ, ಹೇಳಬೇಕಾದ್ದು ಅಲ್ಲೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಐವತ್ತು ದಾಟಿದ ಮೇಲೆ ಹಾಡಿನ ಪುಸ್ತಕ ಹಿಡಿದು ಕಲಿತ ಅಕ್ಷರ, ಸೊಟ್ಟಗಿದ್ದರೆ ನಗಬೇಡ.

ಹೊಸ ಅಕ್ಕಿಯ ಊಟಕ್ಕೆ ಒಂಬತ್ತು ದಿನವಿರುವಾಗ ನಿನ್ನ ಮಾವ ವಾನೆಂಗ್ ಕಾಗದವೊಂದನ್ನು ಹಿಡಿದು ಬಂದ. ನನ್ನ ತಮ್ಮನಾಗಿ ಬಂದದ್ದಲ್ಲ, ಊರ ಮುಖ್ಯಸ್ಥನಾಗಿ. ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡಿದ್ದ, ಅದರಲ್ಲೇ ನನಗೆ ತಿಳಿಯಿತು. ಜಿಲ್ಲೆಯಿಂದ ಬಂದ ಕಾಗದ. ಊರಿನಲ್ಲಿ ಯೇಸುವನ್ನು ನಂಬಿದ ಎರಡು ಮನೆಗಳಿವೆ, ಒಂದು ಬ್ಲಿಯಾ ಅಜ್ಜಿ ಮತ್ತು ಸೈಯೋ ತಾತನದು, ಇನ್ನೊಂದು ನನ್ನದು. ನಂಬಿಕೆ ಬಿಟ್ಟೆವೆಂದು ಬರೆದುಕೊಟ್ಟು ಸತ್ತ ಹಿರಿಯರ ಪೂಜೆಯ ಪೀಠವನ್ನು ಮತ್ತೆ ಗೋಡೆಗೆ ಕಟ್ಟಬೇಕು. ಇಲ್ಲವಾದರೆ ಕೊಯ್ಲು ಮುಗಿಯುವುದರೊಳಗೆ ಊರು ಬಿಡಬೇಕು.

“ಅಕ್ಕಾ, ಒಂದು ಹೆಬ್ಬೆಟ್ಟು ಒತ್ತು ಅಷ್ಟೆ. ಎದೆಯೊಳಗೆ ಏನಿಟ್ಕೊಂಡಿದ್ದೀಯ ಅಂತ ಯಾರು ಬಗ್ಗಿ ನೋಡ್ತಾರೆ?” ಎಂದ.

“ನಂಗೆ ಹೆಸ್ರು ಬರೆಯೋಕೆ ಬರತ್ತೆ ಕಣೋ,” ಎಂದೆ.

“ಹಾಗಾದ್ರೆ ಹೆಸ್ರೇ ಬರಿ.”

“ಬರೆಯೋಲ್ಲ.”

ಅವನಿಗೆ ಸಿಟ್ಟು ಬಂತು. ಅವನ ಸಿಟ್ಟು ನಿನಗೆ ಗೊತ್ತಲ್ಲ, ಮೊದಲು ಮೂಗು ಕೆಂಪಾಗುತ್ತದೆ, ಆಮೇಲೆ ಕಣ್ಣು. “ನಾಳೆ ನೀನು ಸತ್ರೆ ನಾನೆಲ್ಲಿ ಕೂತ್ಕೊಳ್ಳಲಿ ಹೇಳು,” ಎಂದ. “ತವರಿನ ಗಂಡಸು ನಾನೊಬ್ಬನೇ. ಬಾಗಿಲಲ್ಲಿ ಕೂತು ನಿನ್ನ ಗಂಡನ ಕಡೆಯೋರನ್ನ ಕೇಳ್ಬೇಕು, ಹೊಟ್ಟೆ ತುಂಬ ಹಾಕಿದ್ರಾ, ಕೈ ಎತ್ತಿದ್ರಾ, ಎಂಥಾ ಬಟ್ಟೆ ಉಡಿಸಿದ್ದೀರ ಅಂತ. ನಾನು ಸಾಕು ಅನ್ನೋವರೆಗೂ ಹೆಣ ಎತ್ತೋ ಹಾಗಿಲ್ಲ. ನಿನ್ನ ಯೇಸು ಕಡೆಯೋರಿಗೆ ಡೋಲಿಲ್ಲ, ಕೊಳಲಿಲ್ಲ, ಎರಡು ಹಾಡು ಹೇಳಿ ಮಣ್ಣು ಮುಚ್ಚಿಬಿಡ್ತಾರೆ. ನಾನು ಯಾರ ಹತ್ರ ಜಗಳ ಆಡ್ಲಿ?”

ನನಗೆ ನಗು ಬಂತು. “ನಿಂಗೆ ಜಗಳ ಸಿಗ್ಲಿ ಅಂತ ನಾನು ದೇವ್ರನ್ನ ಬಿಡ್ಲಾ, ಕತ್ತೆ,” ಎಂದೆ. ಅವನು ನಗಲಿಲ್ಲ. ನಮ್ಮವ್ವ ಸತ್ತಾಗ ಅವನಿಗೆ ಹತ್ತು ತಿಂಗಳು. ನಾನೇ ಬೆನ್ನಿಗೆ ಕಟ್ಟಿಕೊಂಡು ಗಸಗಸೆ ಹೊಲದ ಕಳೆ ಕೀಳುತ್ತಿದ್ದೆ. ನನ್ನ ಸಾವಿನ ದಿನ ಬಾಗಿಲಲ್ಲಿ ಕುಳಿತು ನನ್ನ ಪರವಾಗಿ ಕೂಗಾಡುವುದು ಅವನಿಗೆ ಆ ಋಣ ತೀರಿಸುವ ದಾರಿ. ಅದನ್ನು ನಾನು ಕಿತ್ತುಕೊಂಡೆ ಎಂದು ಅವನ ಸಂಕಟ. ಕಾಗದ ಮಡಚಿಕೊಂಡು, ನೀರೂ ಕುಡಿಯದೆ ಎದ್ದು ಹೋದ.

ಮೂರನೆಯ ದಿನ ಬೆಳಗ್ಗೆ ಅಂಗಳದ ತುಂಬ ಹೆಂಗಸರು. ಒಬ್ಬಳ ಕೈಯಲ್ಲಿ ಬೇಯಿಸಿದ ಮೊಟ್ಟೆ, ಇನ್ನೊಬ್ಬಳ ಕಂಕುಳಲ್ಲಿ ಕೋಳಿ, ಎಲ್ಲರ ಬೆರಳಲ್ಲೂ ಜೀವ ಕರೆಯುವ ಶಾಸ್ತ್ರದ ಬಿಳಿ ದಾರ. ನಿನ್ನ ಅತ್ತೆ, ವಾನೆಂಗನ ಹೆಂಡತಿ, ನನ್ನನ್ನು ತಬ್ಬಿಕೊಂಡು, “ಅತ್ತಿಗೆ, ಒಳ್ಳೇದಾಯ್ತು ಬಿಡಿ. ನಿಮ್ಮ ಹೆಬ್ಬೆಟ್ಟು ಇರೋ ಕಾಗದಾನ ನಿನ್ನೇನೇ ಜಿಲ್ಲೆಗೆ ಕೊಟ್ಟು ಬಂದ್ರು. ದಾರಿ ತಪ್ಪಿದ್ದ ಜೀವ ಮನೆಗೆ ಬಂತು,” ಎಂದಳು. ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ನಾನು ಒತ್ತದ ಹೆಬ್ಬೆಟ್ಟನ್ನು ಯಾರು ಒತ್ತಿರಬಹುದೆಂದು ಹುಡುಕುತ್ತಾ ಹೋಗಬೇಕಿರಲಿಲ್ಲ.

ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಎರಡು ಕೈಯನ್ನೂ ಚಾಚಿದೆ. ಒಬ್ಬೊಬ್ಬರೂ ದಾರ ಕಟ್ಟಿ, ಜೀವವೇ ಬಾ, ಮನೆಗೆ ಬಾ ಎಂದು ಹರಸಿದರು. ನಾನು ಯೇಸುವನ್ನು ನಂಬಿದ ಮೇಲೆ ಎಂಟು ತಿಂಗಳಿಂದ ನನ್ನ ಕಣ್ಣು ತಪ್ಪಿಸಿ ನೀರಿಗೆ ಹೋಗುತ್ತಿದ್ದವರು ನನ್ನ ಒಲೆಯ ಮುಂದೆ ಕುಳಿತು ಊಟ ಮಾಡಿದರು. ಸುಳ್ಳು ಹೇಳಲಾರೆ ಪಾನ್ಯಾ, ನನಗೆ ಬಹಳ ಸಂತೋಷವಾಯಿತು. ನಾನೇನೂ ಸುಳ್ಳಾಡಲಿಲ್ಲವಲ್ಲ, ಸುಮ್ಮನಿದ್ದೆ ಅಷ್ಟೆ ಎಂದು ಮನಸ್ಸಿಗೆ ಹೇಳಿಕೊಂಡೆ. ಪ್ರಾರ್ಥನೆಗೆ ಕುಳಿತರೆ ಮಾತ್ರ ಒಂದು ಮಾತೂ ಹೊರಡುತ್ತಿರಲಿಲ್ಲ. ಹಾಡಿನ ಪುಸ್ತಕವನ್ನು ಜೋಳದ ಬುಟ್ಟಿಯ ತಳಕ್ಕೆ ತಳ್ಳಿದ್ದೆ.

ದಾರ ಕಟ್ಟಿಸಿಕೊಂಡ ಆರನೆಯ ದಿನ ಬ್ಲಿಯಾ ಅಜ್ಜಿ, ಸೈಯೋ ತಾತ ಊರು ಬಿಟ್ಟರು. ತಾತನ ಬೆನ್ನ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ ಪಾತ್ರೆ, ಅಜ್ಜಿಯ ಕೈಯಲ್ಲಿ ಅವರ ಹುಂಜ. ನನ್ನ ಬಾಗಿಲ ಮುಂದೆ ನಿಂತರು. ನಾನು ಕೈಯನ್ನು ಅಂಗಿಯ ತೋಳಿನೊಳಗೆ ಮುಚ್ಚಿಕೊಳ್ಳುವ ಮುಂಚೆಯೇ ಅಜ್ಜಿ ದಾರಗಳನ್ನು ನೋಡಿಯಾಗಿತ್ತು. ಬೈದಿದ್ದರೆ ಚೆನ್ನಾಗಿತ್ತು. “ಈ ಹುಂಜಾನ ನೀನೇ ಇಟ್ಕೋ ತಾಯಿ, ಇಳಿಜಾರಿನಲ್ಲಿ ಭಾರ ಆಗತ್ತೆ,” ಎಂದರು. ಆಮೇಲೆ ನನ್ನ ಕೆನ್ನೆ ಸವರಿ, “ನಮ್ಮೋರು ಯಾರಾದ್ರೂ ಒಬ್ರು ಒಣಗಿದ ಜಾಗದಲ್ಲಿರೋದು ಒಳ್ಳೇದೇ. ನಿಂಗೋಸ್ಕರ ಪ್ರಾರ್ಥನೆ ಮಾಡ್ತೀನಿ,” ಎಂದರು. ತಾತ, “ಅದನ್ನ ಸಾರು ಮಾಡಿದ್ರೆ ನಮ್ಮನ್ನ ನೆನೆಸ್ಕೋ,” ಎಂದು ನಕ್ಕ.

ಯೇಸುವನ್ನು ಅರಿಯೆನೆಂದ ಪೇತ್ರನಿಗೆ ಹುಂಜ ಒಂದು ಬೆಳಗ್ಗೆ ಕೂಗಿತು, ನನಗೆ ಐದು ಬೆಳಗ್ಗೆ ಕೂಗಿತು. ಅಷ್ಟು ಮೊಂಡು ನಿನ್ನವ್ವ.

ಅವರು ಹೋದ ಐದನೆಯ ದಿನ ಜಿಲ್ಲೆಯ ಅಧಿಕಾರಿ ಬಂದರು. ಶಾಲೆಯ ತಗಡಿನ ಸೂರಿನಡಿ ಊರೆಲ್ಲ ಸೇರಿತ್ತು. ಒಗ್ಗಟ್ಟಿನ ಹಳ್ಳಿ ಎಂದು ಬರೆದ ಹಲಗೆಯನ್ನು ನಿನ್ನ ಮಾವನ ಕೈಗೆ ಕೊಡುವ ಕಾರ್ಯಕ್ರಮ. ತಪ್ಪು ತಿದ್ದಿಕೊಂಡವರು ಎಂದು ನನ್ನ ಹೆಸರು ಓದಿದರು. ಚಪ್ಪಾಳೆ ಬಿತ್ತು. ನಾನು ಎದ್ದು ನಿಂತೆ. ಪಕ್ಕದವಳ ಭುಜ ಹಿಡಿದುಕೊಂಡೆ. “ಆ ಹೆಬ್ಬೆಟ್ಟು ನಂದಲ್ಲ ಸ್ವಾಮಿ. ನಾನು ಯೇಸುವಿನವಳು. ಬಿಟ್ಟಿಲ್ಲ, ಬಿಡೋದೂ ಇಲ್ಲ,” ಎಂದೆ.

ಅಧಿಕಾರಿ ಕಾಗದವನ್ನು ಎತ್ತಿ ಹಿಡಿದರು. “ಮತ್ತೆ ಯಾರದ್ದಮ್ಮ ಇದು?” ಎಂದು ಕೇಳಿದರು.

ಅಲ್ಲಿಯವರೆಗೆ ನಾನು ಯೋಚಿಸಿಯೇ ಇರಲಿಲ್ಲ, ಇಂಥ ಪೆದ್ದಿ ನಾನು. ನನ್ನ ಮಾತು ನನ್ನೊಬ್ಬಳದೇ ಎಂದುಕೊಂಡಿದ್ದೆ. ಗೊತ್ತಿಲ್ಲ ಎಂದರೆ ಸುಳ್ಳು, ಗೊತ್ತು ಎಂದರೆ ತಮ್ಮನ ಕುತ್ತಿಗೆ. ಬೆಂಚು ಕಿರುಗುಟ್ಟಿದ್ದು ಕೇಳಿಸಿತು. ವಾನೆಂಗ್ ಎದ್ದಿದ್ದ. “ನಂದು. ಅಕ್ಕಂಗೆ ಗೊತ್ತೇ ಇರ್ಲಿಲ್ಲ. ನಿಮ್ಮ ಬಾಯಿಂದ ಈಗ್ಲೇ ಕೇಳಿದ್ದು ಅವಳು,” ಎಂದ.

ಗೊತ್ತಿರಲಿಲ್ಲವಂತೆ. ಹನ್ನೊಂದು ದಿನದ ದಾರಗಳು ಮಾಸಿ ಕಂದಾಗಿ ನನ್ನ ಎರಡೂ ಕೈಯಲ್ಲಿದ್ದವು. ಅದನ್ನೆಲ್ಲ ಅವನು ನೋಡಿದ್ದ, ಊರೂ ನೋಡಿತ್ತು. ನಾನು ಬಾಯಿ ಬಿಡಲಿಲ್ಲ ಮಗಳೇ. ಕರ್ತನ ಹೆಸರು ಹೇಳಲು ಬಂದ ಧೈರ್ಯ, ನನಗೂ ಗೊತ್ತಿತ್ತು ಎನ್ನಲು ಬರಲಿಲ್ಲ. ಅವನನ್ನು ಅಲ್ಲಿಂದಲೇ ಜೀಪಿನಲ್ಲಿ ಕರೆದೊಯ್ದರು. ಒಂಬತ್ತು ದಿನ ಒಳಗಿಟ್ಟಿದ್ದರು. ಮುಖ್ಯಸ್ಥನ ಪಟ್ಟ ಹೋಯಿತು. ನಿನ್ನ ಅತ್ತೆ ಅವನ ಮೇಲೆ ಮುನಿದು ಮಗನ ಮನೆ ಸೇರಿದ್ದಾಳೆ.

ನನ್ನ ಮನೆಯನ್ನು ಮರುದಿನ ಬಿಚ್ಚಿದರು. ನಿನ್ನ ಅಪ್ಪನ ಜೊತೆ ನಿಂತು ಅದನ್ನು ಕಟ್ಟಿದ ಕೈಗಳೇ ಅವು. ಬಿಚ್ಚಿದ ಹಲಗೆಗಳನ್ನು ಯಾರೂ ಎಸೆಯಲಿಲ್ಲ, ಉದ್ದ ನೋಡಿ ಒಂದರ ಮೇಲೊಂದು ಜೋಡಿಸಿ ಮೇಲೆ ಬಾಳೆ ಎಲೆ ಮುಚ್ಚಿದರು. ಒಬ್ಬ ನನ್ನ ಮುಖ ನೋಡದೆ, “ಅತ್ತೆ, ಮೊಳೆ ಎಲ್ಲ ಈ ಡಬ್ಬದಲ್ಲಿದೆ,” ಎಂದ. ಇಂಥವರ ಮೇಲೆ ದ್ವೇಷ ಇಟ್ಟುಕೊಳ್ಳುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ.

ಇಲ್ಲಿ ನಾವು ಮೂರು ಊರಿನ ಹನ್ನೊಂದು ಜನ ಇದ್ದೇವೆ. ಕುಂಬಳಕಾಯಿ, ಸಾಸಿವೆ ಸೊಪ್ಪು ಧಾರಾಳ, ಅಕ್ಕಿ ಸ್ವಲ್ಪ ಕಡಿಮೆ. ಭಾನುವಾರ ಹೊಳೆಯ ಸದ್ದನ್ನೂ ಮೀರಿಸಿ ಹಾಡುತ್ತೇವೆ. ತಾತನಿಗೆ ಶ್ರುತಿಯಿಲ್ಲ, ದನಿ ಮಾತ್ರ ಎಲ್ಲರಿಗಿಂತ ದೊಡ್ಡದು. ಹುಂಜವೂ ಇದೆ, ಅದನ್ನು ಸಾರು ಮಾಡುವ ಧೈರ್ಯ ಯಾರಿಗೂ ಇಲ್ಲ. ಎಲ್ಲರೂ ನನ್ನನ್ನು ಗಟ್ಟಿಗಿತ್ತಿ ಎನ್ನುತ್ತಾರೆ, ಅಧಿಕಾರಿಯ ಮುಂದೆ ಎದ್ದು ನಿಂತವಳು ಎಂದು ಮಕ್ಕಳಿಗೆ ತೋರಿಸುತ್ತಾರೆ. ಒಂದು ವಾರ ಆ ಹೊಗಳಿಕೆಯನ್ನೂ ನುಂಗಿದೆ. ಮೊನ್ನೆ ತಡೆಯಲಾರದೆ ಅಜ್ಜಿಯ ಮುಂದೆ ಎಲ್ಲ ಹೇಳಿದೆ. ಅವರು ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ. “ದಾರ ನೋಡಿದಾಗ್ಲೇ ಗೊತ್ತಿತ್ತು,” ಎಂದರು. “ದೇವ್ರ ಹತ್ರ ಹೇಳ್ಕೊಂಡ್ಯಲ್ಲ, ಆತ ಕ್ಷಮಿಸ್ತಾನೆ. ನಿನ್ನ ಪಾಲಿಂದೂ ಸೇರಿಸಿ ಒಂಬತ್ತು ದಿನ ಒಳಗಿದ್ದೋನು ನಿನ್ನ ತಮ್ಮ. ಅವನಿಗೆ ಹೇಳ್ದ್ಯಾ?”

ಹೇಳಿಲ್ಲ. ನಾನು ಎದ್ದು ನಿಂತದ್ದಕ್ಕೆ ನನಗೆ ಬೇಸರವಿಲ್ಲ ಪಾನ್ಯಾ, ನಾಳೆಯೂ ನಿಲ್ಲುತ್ತೇನೆ. ಆದರೆ ಹಿಂದಿನ ದಿನ ಹೋಗಿ, ವಾನೆಂಗ್, ನಾಳೆ ನಾನು ಹೀಗೆ ಹೇಳುವವಳಿದ್ದೇನೆ, ನಿನ್ನ ದಾರಿ ನೋಡಿಕೋ ಎಂದು ಒಂದು ಮಾತು ಹೇಳಬಹುದಿತ್ತು. ಅವನ ಕಣ್ಣೀರು ನೋಡಿದರೆ ಕರಗಿಬಿಡುತ್ತೇನೆಂದು ಹೆದರಿದೆ. ಅವನು ನನ್ನ ಮೇಲಿನ ಪ್ರೀತಿಗೆ ಸುಳ್ಳು ಒತ್ತಿದ, ನಾನು ನನ್ನ ಮೇಲಿನ ಪ್ರೀತಿಗೆ ಸುಮ್ಮನಿದ್ದೆ. ಅವನ ತಪ್ಪು ನನ್ನದಕ್ಕಿಂತ ಚಿಕ್ಕದು. ಇದು ನಾನು ಅವನ ಕಾಲು ಹಿಡಿದು ಹೇಳಬೇಕಾದ ಮಾತು, ನಿನಗೆ ಬರೆಯುತ್ತಿದ್ದೇನೆ.

ನನಗಾಗಿ ಅಳಬೇಡ. ಮಗುವಿಗೆ ಹೆಸರಿಟ್ಟರೆ ತಿಳಿಸು.

ನಿನ್ನನ್ನು ಹೆತ್ತವಳು,
ಜೂಆ

ಮರೆತ ಮಾತು: ಈ ಕಾಗದ ತಂದುಕೊಡುವವನು ನಿನ್ನ ಮಾವನೇ. ಊರಿನಲ್ಲಿ ತಲೆ ಎತ್ತಿ ಓಡಾಡಲಾಗದೆ ಸ್ವಲ್ಪ ದಿನ ನಿನ್ನ ಮನೆಯಲ್ಲಿರಲು ಬರುತ್ತಿದ್ದಾನೆ. ಹೊರಡುವ ಮುಂಚೆ ಈ ಗುಡಿಸಲಿಗೆ ಬಂದು ಒಂದು ಹೊತ್ತಿನಿಂದ ಕುಳಿತಿದ್ದಾನೆ. ನಾನು ಬಡಿಸಿದ ಅನ್ನವನ್ನು ಮುಟ್ಟಿಲ್ಲ, ನಾನೂ ಬಾಯಿ ಬಿಟ್ಟಿಲ್ಲ. ಅವನು ಲಾವೋ ಅಕ್ಷರ ಓದಬಲ್ಲ, ನಮ್ಮ ಹ್ಮೊಂಗ್ ಬರಹ ಅವನಿಗೆ ಬರುವುದಿಲ್ಲ. ಬಾಣಂತಿಯ ಪಥ್ಯ ಬರೆದಿದ್ದೇನೆ ಎಂದುಕೊಂಡು ಜೇಬಿನಲ್ಲಿಟ್ಟುಕೊಳ್ಳುತ್ತಾನೆ. ಅವನನ್ನು ಎದುರಿಗೆ ಕೂರಿಸಿಕೊಂಡು ಮೊದಲಿನಿಂದ ಗಟ್ಟಿಯಾಗಿ ಓದು, ಕತ್ತೆ ಎಂದು ಬೈದದ್ದನ್ನೂ ಬಿಡಬೇಡ. ಓದಿಯಾದ ಮೇಲೆ ಅವನ ಮುಂದೆ ಒಂದು ತಟ್ಟೆ ಅನ್ನ ಇಟ್ಟು, ಇದು ಅಕ್ಕ ಬಡಿಸಿದ್ದು ಎನ್ನು. ಉಂಡನೋ ಇಲ್ಲವೋ, ಅಷ್ಟು ಮಾತ್ರ ನನಗೆ ಬರೆ.