ಕ್ರಯಪತ್ರದಲ್ಲಿ ಸತ್ತವಳು

ಕ್ಲಾಟೆನ್, ಜಾವಾ
೧೪ ಆಗಸ್ಟ್ ೧೯೯೬

ಪ್ರೀತಿಯ ಸುಕಿನಿ ಅಕ್ಕನಿಗೆ,

ಎರಡು ದಿನದಿಂದ ಒಂದೇ ಕನಸು. ಅಮ್ಮನ ಅಂಗಳದಲ್ಲಿ ನಾನು ಅಕ್ಕಿ ಆರಿಸುತ್ತಿದ್ದೇನೆ, ಬಂದವರೆಲ್ಲ ನನ್ನನ್ನೇ ದಾಟಿ ಒಳಗೆ ಹೋಗಿ "ಹೆಣ ಎಲ್ಲಿ?" ಎನ್ನುತ್ತಾರೆ. ಬರೆಯಲು ತಡವಾಯಿತು, ಬೈಯಬೇಡ. ನನ್ನದು ಮೂರನೇ ಕ್ಲಾಸಿನ ಅಕ್ಷರ. ನಿಮ್ಮ ಊರು ಲಾಂಪುಂಗಿನಲ್ಲಿ ಮೆಣಸು ಕುಯ್ದಾಯಿತೆ? ನಿನ್ನ ಮೊಣಕಾಲು ಹೇಗಿದೆ?

ಅಮ್ಮ ತೀರಿಕೊಂಡ ಮೇಲೆ ಅವಳ ಮನೆ ನಾನೇ ಕೊಳ್ಳುವುದೆಂದು ಆಗಿತ್ತಲ್ಲ. ನಿನ್ನ ಪಾಲು, ತಮ್ಮ ಜುಮಾದಿಯ ಪಾಲು ಕೊಂಡರೆ ಸಾಕು, ಮೂರನೆಯದು ನನ್ನದೇ ಅಂದುಕೊಂಡಿದ್ದೆ. ಅವನು ಮೂರೂ ಪಾಲಿನ ಬೆಲೆ ಕೇಳಿ, "ನಿನ್ನ ಪಾಲು ಆಮೇಲೆ ಕೊಡ್ತೀವಿ ಕಣಕ್ಕ, ಈಗ ಕಾಗದ ಸಲೀಸಾಗ್ಲಿ" ಅಂದ. ನಂಬಿದೆ.

ಸೋಮವಾರ ನಾನೂ, ನಿನ್ನ ಪರವಾಗಿಯೂ ಸಹಿ ಹಾಕಲಿದ್ದ ಜುಮಾದಿಯೂ ನೋಟರಿಯಮ್ಮನ ಆಫೀಸಿಗೆ ಹೋದೆವು. ಗುರುತಿನ ಚೀಟಿ, ತೆರಿಗೆ ರಸೀದಿ, ಭೂಕಚೇರಿಯಲ್ಲಿ ತಾಳೆ ನೋಡಿದ ಹಕ್ಕುಪತ್ರ ಎಲ್ಲ ಸರಿಯಿತ್ತು. ಸಹಿಗೆ ಮುಂಚೆ ಕ್ರಯಪತ್ರ ಗಟ್ಟಿಯಾಗಿ ಓದಲೇಬೇಕಂತೆ, ಓದಿದರು: ಮಾರುವವರು ವಾರಸುದಾರರಾದ ಸುಕಿನಿ, ಜುಮಾದಿ. ಇನ್ನೊಬ್ಬ ಮಗಳು ಪೊನಿಯೆಮ್ ಆರನೇ ವಯಸ್ಸಿನಲ್ಲೇ ತೀರಿಕೊಂಡಳು. ಕೊಳ್ಳುವವರು ರಹಾಯು.

"ಅಮ್ಮಾ, ಪೊನಿಯೆಮ್ ನಾನೇ!" ಎಂದೆ. "ಆರು ವರ್ಷದವಳಿದ್ದಾಗ ಜ್ವರ ಬಿಡ್ಲಿಲ್ಲ ಅಂತ, ನಮ್ಮಲ್ಲಿ ಮಾಡೋ ಹಾಗೆ ಅಪ್ಪ ಹೆಸರು ಬದಲಾಯಿಸಿ ರಹಾಯು ಅಂತ ಇಟ್ರು."

ಜುಮಾದಿ ನಕ್ಕ. "ಚೀಟಿ ನೋಡಿ ಅಮ್ಮಾ, ಎಲ್ಲಿದೆ ಪೊನಿಯೆಮ್? ಇವಳಿಗೆ ಚಿಕ್ಕಂದಿನಿಂದ್ಲೂ ಹಿಂಗೇ, ಇಲ್ಲದ ಭಯ." ಆಮೇಲೆ ನನ್ನ ಕಿವಿಯಲ್ಲಿ, "ಸುಮ್ನೆ ಸಹಿ ಹಾಕು. ಇಲ್ದಿದ್ರೆ ಮನೆ ಕೊಳ್ಳೋಕೆ ಅಕ್ಕಿ ಮಂಡಿಯವನು ಕಾಯ್ತಾ ಇದಾನೆ" ಎಂದ.

ನೋಟರಿಯಮ್ಮ ಪೆನ್ನಿನ ಮುಚ್ಚಳ ಹಾಕಿದರು. "ಬದುಕಿರೋರನ್ನ ಸತ್ತೋರು ಅಂತ ನಾನು ಬರೆಯಲ್ಲ. ಆದ್ರೆ ನಿಮ್ಮ ಮಾತೊಂದೇ ಸಾಲದು. ನಿಮ್ಮಕ್ಕ ಹೇಳ್ಲಿ. ತಿಂಗಳ ಕೊನೇವರೆಗೂ ಕಾಯ್ತೀನಿ."

ಸತ್ತವಳ ಪಾಲನ್ನು ಬದುಕಿರುವವಳಿಗೇ ಮಾರುತ್ತಿದ್ದಾರೆ ಅಕ್ಕ. ನಾನು ಬದುಕಿದ್ದೇನೆಂದು ಒಂದು ಸಾಲು ಬರೆದು ಕಳಿಸು.

ನಿನ್ನ ಮಕ್ಕಳು ಮರಿಗಳೆಲ್ಲ ನೂರು ಕಾಲ ಸುಖವಾಗಿರಲಿ.

ನಿನ್ನ ತಂಗಿ,
ರಹಾಯು

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಮನಸ್ಸು ಬರಲಿಲ್ಲ. ಕ್ರಯಪತ್ರದ ಜೊತೆಗಿದ್ದ ವಾರಸು ಪತ್ರವನ್ನು ನೋಟರಿಯಮ್ಮ ನನ್ನ ಕಡೆ ತಿರುಗಿಸಿದರು. ನಾನು ಸತ್ತೆನೆಂಬ ಸಾಲಿನ ಕೆಳಗೆ ನಿನ್ನ ಹೆಸರು, ಹೆಬ್ಬೆಟ್ಟು. ಹೆಸರು ಬದಲಾದ ದಿನ, ಹೆಸರಿಟ್ಟಾಗ ಹಂಚುವ ಕೆಂಪು-ಬಿಳಿ ಗಂಜಿ ಹೊತ್ತು ಮನೆಮನೆಗೆ ಹೋಗಿ "ಇನ್ಮೇಲೆ ಇವಳು ರಹಾಯು" ಅಂತ ಸಾರಿದವಳು ನೀನೇ. ಓದಿಯೇ ಒತ್ತಿದೆಯಾ? ಹುಲ್ಲು ಕುಯ್ಯುವಾಗ ಕುಡುಗೋಲು ತಾಗಿದ ಗಾಯದ ಗೆರೆ ನಿನ್ನ ಹೆಬ್ಬೆರಳಲ್ಲಿ ಇದೆಯಲ್ಲ. ಕಾಗದದ ಗುರುತಿನಲ್ಲಿ ಒಂದು ಬಿಳಿ ಗೆರೆ ಓರೆಯಾಗಿತ್ತು. ನಿನ್ನದು ನೇರ ಅಡ್ಡಕ್ಕಿದೆ ಅಂತ ನನ್ನ ನೆನಪು; ಹಾಗಿದ್ದರೆ ಅದು ನಿನ್ನ ಹೆಬ್ಬೆಟ್ಟಲ್ಲ. ಬೆರಳನ್ನು ಬೆಳಕಿಗೆ ಹಿಡಿದು ಇನ್ನೊಂದು ಸಲ ನೋಡು ಅಕ್ಕ, ಅಡ್ಡವೋ, ಓರೆಯೋ?